ಉಸುಕಿನ ಒಡಲಿನ ನೀರು

ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳನ್ನು ಹಾದು ಕೃಷ್ಣೆಯನ್ನು ಸೇರುವ ಭೀಮಾ ನದಿಯ ಹರಿವು ಬೇಸಿಗೆಯಲ್ಲಿ ನಿಂತುಹೋದರೂ, ಪಾತ್ರದ ಉಸುಕು ತನ್ನ ಒಡಲಲ್ಲಿ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಂಥ ಉಸುಕಿನಲ್ಲಿ ತಗ್ಗು ತೋಡಿ, ಮೊದಲು ಊರುವ ರಾಡಿ ನೀರನ್ನು ಚೆಲ್ಲಿ, ತಿಳಿಯಾದ ಮೇಲೆ ಚರಿಗೆಯಿಂದ ಕೊಡಕ್ಕೆ ತುಂಬಿಕೊಳ್ಳುವ ಒರತೆಗೆ ಈ ಸೀಮೆಯ ಆಡುಮಾತಿನಲ್ಲಿ ವರ್ತಿ ಎನ್ನುತ್ತಾರೆ. ಹೀಗೆ ಕಣಗಳ ನಡುವಿನ ಸಂದಿನಲ್ಲಿ ನಿಂತ ನೀರನ್ನೇ ವಿಜ್ಞಾನವು ರಂಧ್ರಜಲ ಎಂದು ಕರೆದು, ಅದನ್ನು ನದಿಯ ಮೇಲ್ನೀರಿನಿಂದ ಬೇರೆಯಾಗಿಯೇ ಪರೀಕ್ಷಿಸುತ್ತದೆ.

ಬೇರೆಯಾಗಿ ನೋಡಬೇಕಾದ ಕಾರಣ ಹೂಳಿನಲ್ಲಿದೆ. ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿನಂಥ, ಆಳಂದ ತಾಲೂಕಿನ ಅಮರ್ಜಾ ಜಲಾಶಯದಂಥ ಕಡೆಗಳಲ್ಲಿ ನೀರು ನಿಂತಾಗ, ಕರಿಮಣ್ಣಿನ ನುಣುಪು ಕಣಗಳು ಕೊಳೆತ ಎಲೆ, ಪಾಚಿಗಳೊಡನೆ ತಳಕ್ಕೆ ಇಳಿಯುತ್ತವೆ. ಆ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಅಲ್ಲಿಯ ಆಮ್ಲಜನಕವನ್ನು ಬಳಸಿ ಮುಗಿಸುವುದರಿಂದ, ಇಂಥ ಹೂಳಿನಲ್ಲಿ ಕೆಲವೇ ಮಿಲಿಮೀಟರು ಆಳಕ್ಕೆ ಅದು ಇಲ್ಲವಾಗಿ, ಇನ್ನೂ ಕೆಳಗೆ ಮಣ್ಣಿನ ಕಬ್ಬಿಣವು ನೀರಿನಲ್ಲಿ ಕರಗತೊಡಗುತ್ತದೆ.

ಮಾದರಿ ತೆಗೆಯುವವರಿಗೆ ದೊಡ್ಡ ತೊಡಕಾಗುವುದೂ ಈ ಕಬ್ಬಿಣವೇ. ತೆಗೆದ ಕ್ಷಣದಲ್ಲಿ ಕನ್ನಡಿಯಂತಿದ್ದ ನೀರು ಗಾಳಿ ಸೋಕಿದೊಡನೆ ಕೆಂಚುಬಣ್ಣಕ್ಕೆ ತಿರುಗಿ, ತುಕ್ಕಿನ ಗಸಿಯನ್ನು ಬಾಟಲಿಯ ತಳಕ್ಕೆ ಬಿಡುತ್ತದೆ. ಆ ಗಸಿಯು ರಂಜಕವನ್ನೂ ತನಗೆ ಅಂಟಿಸಿಕೊಳ್ಳುವುದರಿಂದ ಪ್ರಯೋಗಾಲಯದ ಲೆಕ್ಕವೇ ತಪ್ಪುತ್ತದೆ. ಆದುದರಿಂದ ಸಂಶೋಧಕರು ಪೆನ್ಸಿಲಿಗಿಂತ ತೆಳ್ಳಗಿನ, ಅತಿಸೂಕ್ಷ್ಮ ರಂಧ್ರಗಳ ಕೊಳವೆಯನ್ನು ಹೂಳಿಗೆ ಚುಚ್ಚಿ, ಸಿರಿಂಜಿನಿಂದ ಮೆಲ್ಲಗೆ ಎಳೆದು, ವರ್ತಿ ತೋಡುವವರಂತೆಯೇ ಮೊದಲ ಹನಿಗಳನ್ನು ಚೆಲ್ಲಿ ಉಳಿದುದನ್ನು ಇಟ್ಟುಕೊಳ್ಳುತ್ತಾರೆ. ಲೋಹಗಳ ಪರೀಕ್ಷೆಗೆ ಮೀಸಲಾದ ನೀರಿಗೆ ಸ್ಥಳದಲ್ಲಿಯೇ ಆಮ್ಲ ಬೆರೆಸುತ್ತಾರೆ.

ಇದಕ್ಕಿಂತ ತಾಳ್ಮೆ ಬೇಡುವ ಇನ್ನೊಂದು ವಿಧಾನವಿದ್ದು, ಹೂಳನ್ನು ಕಲಕದ ಕಾರಣ ಅದೇ ಹೆಚ್ಚು ಮೆಚ್ಚಬೇಕಾದದ್ದು. ಸಾಲುಸಾಲು ಗುಳಿಗಳಿರುವ ಪ್ಲಾಸ್ಟಿಕ್ ಹಲಗೆಯೊಂದರ ಗುಳಿಗಳಿಗೆ ಆಮ್ಲಜನಕ ತೆಗೆದ ಶುದ್ಧ ನೀರು ತುಂಬಿ, ತೆಳುಪೊರೆ ಹೊದಿಸಿ, ಹಲಗೆಯನ್ನು ಹೂಳಿನಲ್ಲಿ ನೆಟ್ಟು ವಾರಗಟ್ಟಲೆ ಬಿಡುತ್ತಾರೆ. ಹೊರಗಿನ ಲವಣಗಳು ಪೊರೆಯ ಮೂಲಕ ನಿಧಾನವಾಗಿ ಒಳಸೇರಿ ಎರಡೂ ಬದಿ ಸಮನಾದಾಗ, ಒಂದೊಂದು ಗುಳಿಯೂ ತಾನಿದ್ದ ಆಳದ ನೀರಿನ ಪ್ರತಿಯಾಗಿರುತ್ತದೆ.

ನೀರು ತಡೆದು ನಿಲ್ಲಿಸಿದ ಕಡೆಯಲ್ಲೆಲ್ಲ ಈ ಪರೀಕ್ಷೆ ಅಗತ್ಯವೇ ಸರಿ. ಹೊಲದ ಗೊಬ್ಬರದಿಂದ ಬಂದು ಹೂಳಿನ ಕಬ್ಬಿಣಕ್ಕೆ ಅಂಟಿಕೊಂಡ ರಂಜಕವು, ಆಮ್ಲಜನಕ ತೀರಿ ಆ ಕಬ್ಬಿಣ ಕರಗಿದಾಗ ಬಿಡುಗಡೆಯಾಗಿ ಮೇಲಕ್ಕೇರಿ ಪಾಚಿಯನ್ನು ಬೆಳೆಸುತ್ತದೆ. ಮೇಲ್ನೀರನ್ನಷ್ಟೇ ಬಾಟಲಿಗೆ ತುಂಬಿದವರಿಗೆ ಅದರ ಸುಳಿವು ಸಿಗುವುದು ಪಾಚಿ ಹಬ್ಬಿದ ಮೇಲೆಯೇ.