ಹಾರ್ಡ್ ಡಿಸ್ಕು ಕೆಟ್ಟಿತೆಂದು ಎಸೆಯುವ ಮುನ್ನ

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ನಮ್ಮ ವಾಚನಾಲಯದ ಸದಸ್ಯರೊಬ್ಬರು ಕರವಸ್ತ್ರದಲ್ಲಿ ಸುತ್ತಿದ ಚಿಕ್ಕ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟರು. ಅವರು ಸಿಂದಗಿಯ ಕಡೆಯವರು. ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇಥು ನಡೆಸುತ್ತಾರೆ. ಪೆಟ್ಟಿಗೆಯೆಂದರೆ, ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕು. ಅದರಲ್ಲಿ ಊರಿನ ಹೊಲದ ಕಾಗದಪತ್ರಗಳ ಪ್ರತಿಗಳೂ, ತಂಗಿಯ ಮದುವೆಯ ಚಿತ್ರಗಳೂ, ತೀರಿಕೊಂಡ ತಂದೆಯವರು ಭಜನೆಯಲ್ಲಿ ಹಾಡಿದ ಧ್ವನಿಮುದ್ರಣವೂ ಇದ್ದವು. ಒಂದು ಅಂಗಡಿಯಲ್ಲಿ ತೋರಿಸಿದಾಗ, “ಡಿಸ್ಕು ಸತ್ತಿದೆ, ಫಾರ್ಮ್ಯಾಟ್ ಮಾಡಿ ನೋಡೋಣ” ಎಂದರಂತೆ. ಇವರು ಅದಕ್ಕೆ ಒಪ್ಪದೆ ಎತ್ತಿಕೊಂಡು ಬಂದಿದ್ದರು. “ಅಪ್ಪಾರ ದನಿ ಇದೊಂದ್ರಾಗ ಉಳದದರಿ, ಸಾಹೇಬ್ರ” ಎಂದಷ್ಟೇ ಹೇಳಿದರು.

ಇಂತಹ ಡಿಸ್ಕುಗಳು ನಮ್ಮಲ್ಲಿ ಅನೇಕರ ಮನೆಯಲ್ಲಿವೆ. ಊರು ಬಿಟ್ಟು ಬಂದವರಿಗೆ ಊರಿನದೆಂದು ಉಳಿದಿರುವುದು ಎಷ್ಟೋ ವೇಳೆ ಅದರೊಳಗೇ ಇರುತ್ತದೆ. ಆದುದರಿಂದ ಡಿಸ್ಕು ತೆರೆಯದೆ ಹೋದಾಗ ಯಾವ ಕ್ರಮದಲ್ಲಿ ಪರೀಕ್ಷಿಸಬೇಕು, ಏನನ್ನು ಮಾಡಕೂಡದು ಎಂಬುದನ್ನು ನಾವು ಕಂಡಷ್ಟು ಇಲ್ಲಿ ತಿಳಿಸುತ್ತೇವೆ.

ಮೊದಲು ಪೆಟ್ಟಿಗೆಯೊಳಗೆ ಏನಿದೆಯೆಂದು ತಿಳಿಯುವುದು ಒಳ್ಳೆಯದು. ಹಾರ್ಡ್ ಡಿಸ್ಕು ಹೊಸ ವಸ್ತುವೇನೂ ಅಲ್ಲ. ಮೊದಲನೆಯದನ್ನು ಐಬಿಎಂ ಕಂಪನಿಯವರು 1956ರಲ್ಲಿ ಹೊರತಂದರು. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದು, ಎಲ್ಲವೂ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅಷ್ಟು ಜಾಗ ಸಾಲದು. ಗಾತ್ರ ಕುಗ್ಗಿದರೂ ತತ್ತ್ವ ಅದೇ. ತಟ್ಟೆಯೊಂದು ಸುತ್ತುತ್ತಿರುತ್ತದೆ, ಚಿಕ್ಕ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅದರ ಮೇಲೆ ಓದುವ ತಲೆಯೊಂದು ಆಡುತ್ತದೆ. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿಯೇ ಹಾಡಬೇಕು. ಇಲ್ಲಿ ತಲೆಯು ತಟ್ಟೆಯನ್ನು ಮುಟ್ಟಲೇಕೂಡದು. ಇವೆರಡರ ನಡುವಿನ ಅಂತರ ನಮ್ಮ ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ತಿರುಗುತ್ತಿರುವಾಗ ಕೆಳಗೆ ಬಿದ್ದರೆ ಏನಾದೀತೆಂದು ಇದರಿಂದಲೇ ಊಹಿಸಬಹುದು. ಇವಲ್ಲದೆ ಡಿಸ್ಕಿನ ಭಾಷೆಯನ್ನು ಯುಎಸ್‌ಬಿಯ ಭಾಷೆಗೆ ತಿರುಗಿಸುವ ಪುಟ್ಟ ಹಲಗೆಯೊಂದೂ ಇರುತ್ತದೆ. ನಾವು ಅದನ್ನು ದುಭಾಷಿ ಎಂದು ಕರೆಯೋಣ. ಕೊನೆಯದು ಹೊರಗಿನ ತಂತಿ.

ಹೀಗೆ ತಂತಿ, ದುಭಾಷಿ, ತಟ್ಟೆ ಮತ್ತು ತಟ್ಟೆಯ ಮೇಲಿನ ಬರವಣಿಗೆ ಎಂದು ನಾಲ್ಕು ಅಂಗಗಳಾದವು. ನಾಲ್ಕರಲ್ಲಿ ಯಾವುದು ಕೆಟ್ಟರೂ ಹೊರಗೆ ಕಾಣುವುದು ಒಂದೇ: “ಡಿಸ್ಕು ತೆರೆಯುತ್ತಿಲ್ಲ.” ಆದುದರಿಂದ ಹೊರಗಿನಿಂದ ಒಳಕ್ಕೆ ಒಂದೊಂದಾಗಿ ನೋಡುತ್ತ ಹೋಗಬೇಕು.

ಎಲ್ಲಕ್ಕೂ ಮೊದಲು ಕಿವಿಗೊಟ್ಟು ಕೇಳಬೇಕು. ಸಣ್ಣಗೆ ಸುಂಯ್ ಎಂದು ತಿರುಗುವ ಸದ್ದು ಬಂದರೆ ಸರಿ. ಗಡಿಯಾರದಂತೆ ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಿದ್ದರೆ, ಕೆರೆದಂತೆ ಕೇಳಿದರೆ, ಆ ಕ್ಷಣವೇ ತಂತಿ ಕಿತ್ತು ಸುಮ್ಮನಾಗಬೇಕು. ಓದುವ ತಲೆಗೆ ಪೆಟ್ಟಾಗಿರುವ ಸಂಭವ ಹೆಚ್ಚು. ಅದು ನಮ್ಮಂಥವರ ಕೈಯ ಕೆಲಸವಲ್ಲ. ಧೂಳಿಲ್ಲದ ಕೋಣೆಯಿಟ್ಟುಕೊಂಡು ಇದನ್ನೇ ಕಸುಬಾಗಿಸಿಕೊಂಡವರಲ್ಲಿಗೆ ಒಯ್ಯಬೇಕು. ಮತ್ತೆ ಮತ್ತೆ ಹಚ್ಚಿ ನೋಡಿದಷ್ಟೂ ತಟ್ಟೆಯ ಮೇಲೆ ಗೀರು ಬೀಳುತ್ತದೆ. ಮುಚ್ಚಳ ತೆಗೆದು ನೋಡುವುದಂತೂ ಸಲ್ಲದು.

ಸದ್ದು ಸರಿಯಾಗಿದ್ದರೆ, ಅಥವಾ ಸದ್ದೇ ಇಲ್ಲದಿದ್ದರೆ, ಎರಡನೆಯದಾಗಿ ತಂತಿಯನ್ನೂ ವಿದ್ಯುತ್ತನ್ನೂ ನೋಡಬೇಕು. ಇಂತಹ ಚಿಕ್ಕ ಡಿಸ್ಕಿಗೆ ಬೇರೆ ವಿದ್ಯುತ್ತಿಲ್ಲ. ಯುಎಸ್‌ಬಿ ತಂತಿಯೇ ಅನ್ನವನ್ನೂ ಕೊಡಬೇಕು, ಮಾತನ್ನೂ ಸಾಗಿಸಬೇಕು. ಹಳೆಯ ಯುಎಸ್‌ಬಿ 2 ಮಾದರಿಯ ಕಿಂಡಿ 500 ಮಿಲಿಆಂಪಿಯರ್ ಕೊಡಲು ಬದ್ಧ. 2008ರಲ್ಲಿ ಬಂದ ಯುಎಸ್‌ಬಿ 3 ಕಿಂಡಿ 900 ಮಿಲಿಆಂಪಿಯರ್. ನಿಂತ ತಟ್ಟೆ ತಿರುಗತೊಡಗುವ ಗಳಿಗೆಯಲ್ಲಿ ಡಿಸ್ಕು ಇದಕ್ಕಿಂತ ಹೆಚ್ಚು ಎಳೆಯುವುದುಂಟು. ನಿಂತ ಗಾಡಿಯನ್ನು ಮೊದಲು ನೂಕುವಾಗ ಹೆಚ್ಚು ಬಲ ಬೇಕಾಗುವುದಿಲ್ಲವೇ, ಹಾಗೆಯೇ. ಆದುದರಿಂದ ನಾಲ್ಕಾರು ತಂತಿಗಳನ್ನು ಒಂದೇ ಕಿಂಡಿಗೆ ಕೂಡಿಸುವ ಹಬ್ಬಿನ ಮೂಲಕ ಹಚ್ಚದೆ, ಕಂಪ್ಯೂಟರಿನ ಹಿಂಬದಿಯ ಕಿಂಡಿಗೆ ನೇರವಾಗಿ, ಗಿಡ್ಡನೆಯ ಬೇರೊಂದು ತಂತಿಯಿಂದ ಹಚ್ಚಿ ನೋಡಬೇಕು. ಒಳಗೆ ನೀಲಿ ಬಣ್ಣವಿರುವ ಕಿಂಡಿ ಸಾಮಾನ್ಯವಾಗಿ ಯುಎಸ್‌ಬಿ 3 ಆಗಿರುತ್ತದೆ.

ಮೂರನೆಯದಾಗಿ ಕಂಪ್ಯೂಟರು ಏನು ಹೇಳುತ್ತದೆಂದು ಓದಬೇಕು. ನಮ್ಮ ವಾಚನಾಲಯದ ಕಂಪ್ಯೂಟರು ಲಿನಕ್ಸಿನಿಂದ ನಡೆಯುತ್ತದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಗೆ ಬೆಲೆ ಕೊಡಬೇಕಾಗಿಲ್ಲ. ನಮ್ಮ ಪುಣೆಯಲ್ಲಿ 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯೂ ಭಾರತೀಯ ಭಾಷೆಗಳಿಗೆ ಒಗ್ಗುವಂತೆ ‘ಬಾಸ್’ ಎಂಬ ಲಿನಕ್ಸನ್ನು 2007ರಲ್ಲಿ ಹೊರತಂದಿತು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸೇ ಬಳಕೆಯಲ್ಲಿರುವುದರಿಂದ ಕಾಸರಗೋಡಿನ ನಮ್ಮ ಕನ್ನಡ ಮಕ್ಕಳು ಕಂಪ್ಯೂಟರು ಕಲಿಯುವುದೂ ಅದರಲ್ಲಿಯೇ. ನಮ್ಮ ಕೆಲಸಕ್ಕೆ ಅದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಯಂತ್ರದಲ್ಲಿ ನಡೆದುದನ್ನೆಲ್ಲ ಅದು ದಿನಚರಿಯಂತೆ ಬರೆದಿಡುತ್ತದೆ, ಕೇಳಿದರೆ ತೋರಿಸುತ್ತದೆ.

ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು, ಇಂಗ್ಲಿಷಿನ ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರಗಳನ್ನು ಒತ್ತಾಗಿ ಬರೆದು ಎಂಟರ್ ಒತ್ತಿದರೆ ಆ ದಿನಚರಿ ಕಾಣುತ್ತದೆ. ಅಧಿಕಾರವಿಲ್ಲವೆಂದು ತಡೆದರೆ, ಹಿಂದೆ ‘ಸುಡೋ’ ಎಂಬ ಪದವನ್ನು ಸೇರಿಸಿ ಗುಪ್ತಪದ ಕೊಡಬೇಕು. ಡಿಸ್ಕನ್ನು ಕಿತ್ತು ಮತ್ತೆ ಹಚ್ಚಿ, ಕೊನೆಯ ಹತ್ತಿಪ್ಪತ್ತು ಸಾಲುಗಳನ್ನು ಓದಬೇಕು. ಹೊಸ ಸಾಲು ಒಂದೂ ಬಾರದಿದ್ದರೆ ಕಂಪ್ಯೂಟರಿಗೆ ಡಿಸ್ಕು ಬಂದುದೇ ಗೊತ್ತಿಲ್ಲ; ತಂತಿಯನ್ನೋ ಕಿಂಡಿಯನ್ನೋ ದುಭಾಷಿಯನ್ನೋ ಶಂಕಿಸಬೇಕು. ‘ಎರರ್ ಮೈನಸ್ 71’ ಅಥವಾ ‘ಮೈನಸ್ 110’ ಎಂದಿದ್ದರೆ, ಮಾತು ಆರಂಭವಾಗಿ ನಡುವೆ ಹರಿದುಹೋಗಿದೆ ಎಂದು ಅರ್ಥ; ಇದು ಬಹುಮಟ್ಟಿಗೆ ತಂತಿಯ ಇಲ್ಲವೆ ವಿದ್ಯುತ್ತಿನ ದೋಷ. ‘ರೀಸೆಟ್’, ‘ಡಿಸ್‌ಕನೆಕ್ಟ್’ ಎಂದು ಮೇಲಿಂದ ಮೇಲೆ ಬರುತ್ತಿದ್ದರೂ ಮೊದಲ ಅನುಮಾನ ಅಲ್ಲಿಯೇ.

‘ಯುಎಎಸ್’ ಎಂಬ ಮೂರಕ್ಷರದೊಡನೆ ‘ಅಬಾರ್ಟ್’ ಎಂದು ಕಂಡರೆ ಸಂಗತಿ ಬೇರೆ. ವೇಗವಾಗಿ ಮಾತನಾಡುವ ಹೊಸ ಕ್ರಮವದು; ಕೆಲವು ದುಭಾಷಿಗಳು ಅದನ್ನು ಬಲ್ಲೆವೆಂದು ಹೇಳಿಕೊಂಡು ನಡುವೆ ತಡವರಿಸುತ್ತವೆ. ಅಂತಹ ಡಿಸ್ಕಿನೊಡನೆ ಹಳೆಯ ನಿಧಾನದ ಕ್ರಮದಲ್ಲಿಯೇ ಮಾತನಾಡುವಂತೆ ಲಿನಕ್ಸಿಗೆ ಅಪ್ಪಣೆ ಮಾಡಬಹುದು. ಇಲ್ಲಿ ಡಿಸ್ಕಿನ ತಪ್ಪೇನೂ ಇರುವುದಿಲ್ಲ.

ನಾಲ್ಕನೆಯದು ತಟ್ಟೆಯ ಮೇಲಿನ ಬರವಣಿಗೆಯ ವ್ಯವಸ್ಥೆ. ಡಿಸ್ಕು ಬಂದುದು ಗೊತ್ತಾಗಿದೆ, ಅಳತೆಯೂ ಸರಿಯಾಗಿದೆ, ಆದರೆ ಒಳಗಿನ ಕಡತಗಳು ತೆರೆಯುವುದಿಲ್ಲ ಎನ್ನುವ ಪ್ರಸಂಗವಿದು. ವಿಂಡೋಸ್ ಕಂಪ್ಯೂಟರಿನಲ್ಲಿ ಬಳಸಿ, ‘ಇಜೆಕ್ಟ್’ ಮಾಡದೆ ಕಿತ್ತ ಡಿಸ್ಕನ್ನು ಲಿನಕ್ಸು ತೆರೆಯಲು ಒಪ್ಪದಿರುವುದುಂಟು. ಲೆಕ್ಕ ಮುಗಿಸದೆ ಬಿಟ್ಟ ಖಾತೆ ಪುಸ್ತಕವನ್ನು ಮುಂದಿನ ಗುಮಾಸ್ತ ಮುಟ್ಟಲೊಲ್ಲದಿರುವ ಹಾಗೆ. ತಟ್ಟೆ ಆರೋಗ್ಯವಾಗಿದ್ದರೆ, ಅದೇ ವಿಂಡೋಸ್ ಕಂಪ್ಯೂಟರಿಗೆ ಹಚ್ಚಿ ಕ್ರಮವಾಗಿ ಇಜೆಕ್ಟ್ ಮಾಡಿ ತಂದರೆ ಎಷ್ಟೋ ಸಲ ಸರಿಹೋಗುತ್ತದೆ.

ಐದನೆಯದು ತಟ್ಟೆಯೇ ಸವೆದಿರುವುದು. ಆಗ ದಿನಚರಿಯಲ್ಲಿ ‘ಮೀಡಿಯಂ ಎರರ್’, ‘ಅನ್‌ರಿಕವರ್ಡ್ ರೀಡ್ ಎರರ್’ ಎಂಬ ಮಾತುಗಳು ಕಾಣುತ್ತವೆ. ಇದನ್ನು ಖಚಿತಪಡಿಸಿಕೊಳ್ಳಲು ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ಎಂಬ ಪಟ್ಟಿಯನ್ನು ಓದಬಹುದು. ಅದರಲ್ಲಿ 5, 197 ಮತ್ತು 198ನೆಯ ಸಾಲುಗಳನ್ನು ನೋಡಬೇಕು. 5ನೆಯದು, ಕೆಟ್ಟುದರಿಂದ ಬದಲಾಯಿಸಿದ ತುಣುಕುಗಳ ಲೆಕ್ಕ. 197ನೆಯದು, ಓದಲಾಗದೆ ಕಾದಿರುವ ತುಣುಕುಗಳ ಲೆಕ್ಕ. 198ನೆಯದು, ಪರೀಕ್ಷೆಯಲ್ಲಿ ಓದಲಾರದೆ ಹೋದವುಗಳದು. ಕೊನೆಯ ಅಂಕಣದಲ್ಲಿ ಸೊನ್ನೆಯಿದ್ದರೆ ಸಮಾಧಾನ. ಏರುತ್ತಿದ್ದರೆ ಆ ಡಿಸ್ಕನ್ನು ಇನ್ನು ನಂಬಕೂಡದು.

ಈಗ ನಮ್ಮ ಸದಸ್ಯರ ಡಿಸ್ಕಿನ ಸಂಗತಿಗೆ ಬರೋಣ. ಮೊದಲು ಹಚ್ಚಿದಾಗ ಎರರ್ ಮೈನಸ್ 71 ಎಂದು ಬಂದಿತು. ತಂತಿ ಬದಲಾಯಿಸಿ ಹಿಂಬದಿಯ ಕಿಂಡಿಗೆ ಹಚ್ಚಿದೆವು, ಡಿಸ್ಕು ಕಾಣಿಸಿಕೊಂಡಿತು. ಎಲ್ಲರಿಗೂ ಹರ್ಷವಾಯಿತು. ನಾವೂ ಆತುರಪಟ್ಟು ಮದುವೆಯ ಚಿತ್ರಗಳ ಕಡತವನ್ನು ತೆರೆದೆವು. ಅರ್ಧಕ್ಕೆ ಎಲ್ಲವೂ ಸ್ತಬ್ಧವಾಯಿತು. ದಿನಚರಿ ನೋಡಿದರೆ ಮೀಡಿಯಂ ಎರರ್. 197ನೆಯ ಸಾಲಿನಲ್ಲಿ ಸೊನ್ನೆಯಿರಲಿಲ್ಲ. ಎಂದರೆ ದೋಷ ಒಂದಲ್ಲ, ಎರಡು. ತಂತಿಯದು ಹೋದ ಮೇಲೆ ತಟ್ಟೆಯದು ಬೆಳಕಿಗೆ ಬಂದಿತು. ತೆರೆದೊಡನೆ ಚಿತ್ರ ನೋಡಲು ಹೊರಟುದು ನಮ್ಮ ತಪ್ಪೆಂದು ಒಪ್ಪಿಕೊಳ್ಳುತ್ತೇವೆ. ಸವೆದ ಡಿಸ್ಕಿಗೆ ಎಷ್ಟು ಉಸಿರು ಉಳಿದಿದೆಯೋ ಬಲ್ಲವರಿಲ್ಲ. ಅದನ್ನು ಪ್ರತಿ ತೆಗೆಯುವುದಕ್ಕೇ ಬಳಸಬೇಕು.

ಇಂತಹ ವೇಳೆಯಲ್ಲಿ ಫಾರ್ಮ್ಯಾಟ್ ಮಾಡಕೂಡದು. ಅದು ಖಾತೆಯ ಅನುಕ್ರಮಣಿಕೆಯನ್ನು ಹರಿದು ಹಾಕಿದಂತೆ. ‘ರಿಪೇರಿ’ ಎಂಬ ಗುಂಡಿಯನ್ನೂ ಒತ್ತಕೂಡದು. ಅದು ಕೆಟ್ಟ ತಟ್ಟೆಯ ಮೇಲೆಯೇ ಹೊಸದಾಗಿ ಬರೆಯತೊಡಗುತ್ತದೆ. ಪೆಟ್ಟಿಗೆ ಒಡೆದು ದುಭಾಷಿಯನ್ನು ಬದಲಾಯಿಸುವುದಕ್ಕೂ ಮುನ್ನ ವಿಚಾರಿಸಬೇಕು. ಕೆಲವು ಡಿಸ್ಕುಗಳಲ್ಲಿ ದುಭಾಷಿಯೇ ಬರವಣಿಗೆಯನ್ನು ಗುಪ್ತಲಿಪಿಗೆ ತಿರುಗಿಸಿಟ್ಟಿರುತ್ತದೆ, ಅದಿಲ್ಲದೆ ಓದಲಾಗದು.

ನಾವು ಸದಸ್ಯರಿಂದ ಅಷ್ಟೇ ಅಳತೆಗಿಂತ ದೊಡ್ಡದಾದ ಹೊಸ ಡಿಸ್ಕನ್ನು ತರಿಸಿ, ‘ಡಿಡಿರೆಸ್ಕ್ಯೂ’ ಎಂಬ ಉಚಿತ ಸಾಧನದಿಂದ ಪ್ರತಿ ತೆಗೆಯಲು ಹಚ್ಚಿದೆವು. ಅದರ ಜಾಣತನವಿಷ್ಟೆ: ಕೆಟ್ಟ ಜಾಗ ಸಿಕ್ಕಿದಲ್ಲಿ ಹಟ ಹಿಡಿದು ಕೂಡದೆ, ಅದನ್ನು ದಾಟಿ ಮೊದಲು ಒಳ್ಳೆಯದನ್ನೆಲ್ಲ ಬಾಚಿಕೊಳ್ಳುತ್ತದೆ, ಕಷ್ಟದ ಜಾಗಗಳಿಗೆ ಆಮೇಲೆ ಹಿಂತಿರುಗುತ್ತದೆ. ಎಲ್ಲಿಯವರೆಗೆ ಆಯಿತೆಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆದಿಡುವುದರಿಂದ ವಿದ್ಯುತ್ತು ಹೋದರೂ ಬಿಟ್ಟಲ್ಲಿಂದ ಮುಂದುವರಿಯಬಹುದು. ಹಳೆಯ ಡಿಸ್ಕು ಯಾವುದು, ಹೊಸದು ಯಾವುದು ಎಂಬುದನ್ನು ಮಾತ್ರ ಇಬ್ಬರು ಕೂಡಿ ಎರಡು ಸಲ ನೋಡಬೇಕು. ಅದಲುಬದಲಾದರೆ ಇದ್ದುದೂ ಅಳಿಸಿಹೋಗುತ್ತದೆ.

ಕೆಲಸಕ್ಕೆ ಎರಡು ರಾತ್ರಿ ಹಿಡಿಯಿತು. ಹೊಲದ ಕಾಗದಗಳು ಪೂರ್ಣವಾಗಿ ಬಂದವು. ಮದುವೆಯ ಚಿತ್ರಗಳಲ್ಲಿ ಕೆಲವು ಅರ್ಧ ಬೂದು ಬಣ್ಣವಾಗಿಯೇ ಉಳಿದವು. ಭಜನೆಯ ಧ್ವನಿಮುದ್ರಣ ಕೆಟ್ಟಿರಲಿಲ್ಲ. ಸದಸ್ಯರು ಇಯರ್‌ಫೋನು ಕಿವಿಗಿಟ್ಟುಕೊಂಡು ಹಾಡು ಮುಗಿಯುವವರೆಗೆ ಮಾತನಾಡಲಿಲ್ಲ. ಮರುದಿನವೇ ಅದರ ಇನ್ನೊಂದು ಪ್ರತಿಯನ್ನು ಊರಿನಲ್ಲಿರುವ ತಂಗಿಗೆ ಕಳುಹಿಸಿದರು.

ನಾವು ಹೇಳಬೇಕಾದ ಮುಖ್ಯ ಮಾತೂ ಅದೇ. ದುರಸ್ತಿ ಎಷ್ಟು ಕಲಿತರೂ ಅದು ಎರಡನೆಯ ಪ್ರತಿಗೆ ಸಮನಲ್ಲ. ಒಂದೇ ಕಡೆಯಿರುವುದು ಇಲ್ಲದಂತೆಯೇ ಎಂದು ತಿಳಿದು, ಬೇಕಾದುದನ್ನು ಎರಡು ಡಿಸ್ಕುಗಳಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿ ಇರಿಸಬೇಕು. ಪ್ರತಿ ಮುಗಿಯಿತೆಂದು ಪರದೆ ಹೇಳಿದರೂ ಬರವಣಿಗೆ ಒಳಗೆ ಇನ್ನೂ ನಡೆದಿರಬಹುದು. ಇಜೆಕ್ಟ್ ಮಾಡಿ, ತೆಗೆಯಬಹುದೆಂದು ತಿಳಿಸಿದ ಮೇಲೆಯೇ ಕೀಳಬೇಕು. ತಿರುಗುತ್ತಿರುವ ಡಿಸ್ಕನ್ನು ಎತ್ತಿ ಆಡಿಸಕೂಡದು.

ಡಿಸ್ಕು ತೆರೆಯದ ಸದಸ್ಯರು ಯಾವ ಗುಂಡಿಯನ್ನೂ ಒತ್ತದೆ, ತಂತಿಯ ಸಮೇತ ಭಾನುವಾರ ಸಂಜೆ ವಾಚನಾಲಯಕ್ಕೆ ತರಬಹುದು. ಉಳಿಸಿಯೇ ಕೊಡುತ್ತೇವೆಂಬ ಭರವಸೆ ಕೊಡಲಾರೆವು. ಮೇಲೆ ಹೇಳಿದ ಕ್ರಮದಲ್ಲಿ ಕೂಡಿ ಕುಳಿತು ನೋಡುತ್ತೇವೆ. ಡಿಸ್ಕು ಚೆನ್ನಾಗಿಯೇ ಇರುವವರೂ ಬರಬೇಕೆಂದು ನಮ್ಮ ಬಿನ್ನಹ. ಎರಡನೆಯ ಪ್ರತಿ ತೆಗೆಯಲು ಅದೇ ತಕ್ಕ ಕಾಲ.