ಸೈನೈಡ್ ದಿಬ್ಬ: ಖರ್ಚು ಯಾರದು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ವಿದ್ಯಾರ್ಥಿಗಳೇ, ಕೆ.ಜಿ.ಎಫ್.ನ ಬೂದುಬಣ್ಣದ ದಿಬ್ಬಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಸಿನಿಮಾದವರಿಗೂ ಅವು ಬಲು ಇಷ್ಟ! ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಮರಳು ಅದು. ಅಂಥ 13 ದಿಬ್ಬಗಳಿವೆ. ತೂಕ ಮೂರು ಕೋಟಿ ಟನ್ನಿಗೂ ಹೆಚ್ಚು. ಬಿಸಿಲು, ಗಾಳಿಗೆ ಸೈನೈಡ್ ಕಾಲಕ್ರಮೇಣ ಬಹುಮಟ್ಟಿಗೆ ವಿಘಟನೆಗೊಳ್ಳುತ್ತದೆ. ಸಿಲಿಕಾ ದೂಳು ಹಾಗಲ್ಲ. ಗಾಳಿ ಎದ್ದಾಗಲೆಲ್ಲ ಮನೆಯೊಳಗೂ ಶ್ವಾಸಕೋಶದೊಳಗೂ ಸೇರುತ್ತದೆ.

ಮಣ್ಣು, ನೀರನ್ನು ಪರೀಕ್ಷಿಸಿ, ದಿಬ್ಬಕ್ಕೆ ಒಳ್ಳೆಯ ಮಣ್ಣು ಹೊದಿಸಿ, ಹುಲ್ಲು, ಗಿಡ ಬೆಳೆಸಿದರೆ ದೂಳು ತಗ್ಗುತ್ತದೆ. ಇದಕ್ಕೆ ಬೇಕಾದ ವಿಜ್ಞಾನ ನಮ್ಮಲ್ಲಿದೆ. ತೊಡಕಿರುವುದು ಖರ್ಚಿನಲ್ಲಿ. ದಿಬ್ಬ ಬೆಳೆಸಲು ತೊಡಗಿದ್ದು ಬ್ರಿಟಿಷರ ಜಾನ್ ಟೇಲರ್ ಕಂಪನಿ. ಕೊನೆಗೆ ಗಣಿ ನಡೆಸಿದ್ದು ಸರ್ಕಾರಿ ಭಾರತ್ ಗೋಲ್ಡ್ ಮೈನ್ಸ್. 2001ರಲ್ಲಿ ಗಣಿ ಮುಚ್ಚಿತು. ಕಲುಷಿತ ಸ್ಥಳಗಳಿಗಾಗಿ ಕೇಂದ್ರ ಸರ್ಕಾರ 2025ರಲ್ಲಿ ನಿಯಮ ತಂದಿತು: ಕೆಡಿಸಿದವರೇ ವೆಚ್ಚ ಭರಿಸಬೇಕು. ಆದರೆ ಗಣಿಗಾರಿಕೆಯ ಮಾಲಿನ್ಯಕ್ಕೆ ಬೇರೆ ಕಾನೂನುಗಳಿವೆಯೆಂದು ಅದನ್ನು ಸಾಮಾನ್ಯವಾಗಿ ಹೊರಗಿಟ್ಟಿದ್ದಾರೆ.

ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿತು. ಚಿನ್ನ ಹೋದರೂ ಮರಳು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಅದನ್ನು ಎಲ್ಲಿ ಹಾಕುತ್ತಾರೆ, ಹೇಗೆ ಮುಚ್ಚುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು.