ಗಣಕಯಂತ್ರದ ಕಾವಲಿಗೆ ಯಾವ ತಂತ್ರಾಂಶ?

ಕಳೆದ ಬೋಧನಾಭ್ಯಾಸದಲ್ಲಿ, ಅಂತಿಮ ಪಾಠದ ಹಿಂದಿನ ಸಂಜೆ, ಪ್ರಶಿಕ್ಷಣಾರ್ಥಿಯೊಬ್ಬರು ಪೆನ್‌ಡ್ರೈವ್ ಹಿಡಿದುಕೊಂಡು ನನ್ನ ಕೊಠಡಿಗೆ ಬಂದರು. "ಮೇಡಂ, ಪಾಠಯೋಜನೆ ಎಲ್ಲಾ ಹೋಯ್ತು. ಫೋಲ್ಡರ್ ಒತ್ತಿದ್ರೆ ಏನೂ ತೆರೀತಿಲ್ಲ. ಫಾರ್ಮ್ಯಾಟ್ ಮಾಡ್ಬಿಡು ಅಂತಿದ್ದಾರೆ ಎಲ್ರೂ." ಇಪ್ಪತ್ತು ಪಾಠಯೋಜನೆ, ಘಟಕ ಪರೀಕ್ಷೆಯ ನೀಲನಕ್ಷೆ, ಮಕ್ಕಳ ಅಂಕಪಟ್ಟಿ ಎಲ್ಲವೂ ಅದರಲ್ಲೇ ಇದ್ದವು. ಬೇರೆ ಪ್ರತಿ ಇರಲಿಲ್ಲ.

ಫಾರ್ಮ್ಯಾಟ್ ಬೇಡ ಎಂದು ತಡೆದೆ. ಪೆನ್‌ಡ್ರೈವ್‌ನಲ್ಲಿ ಎಷ್ಟು ಜಾಗ ತುಂಬಿದೆ ಎಂದು ನೋಡಿದರೆ ಮೊದಲಿನಷ್ಟೇ ತುಂಬಿತ್ತು. ಅಂದರೆ ಕಡತಗಳು ಅಳಿದಿಲ್ಲ, ಮರೆಯಾಗಿವೆ. ಪ್ರಿಂಟ್ ತೆಗೆಸಲು ಹೋದಲ್ಲಿ ಹತ್ತಿಕೊಂಡ ಈ ಬಗೆಯ ವೈರಸ್ ನಿಜವಾದ ಫೋಲ್ಡರ್‌ಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುತ್ತದೆ. ಅದನ್ನು ಒತ್ತಿದರೆ ಓಡುವುದು ವೈರಸ್ಸೇ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಿಂದ ಮೊದಲು ಸ್ಕ್ಯಾನ್ ಮಾಡಿದೆವು. ಆಮೇಲೆ ಫೋಲ್ಡರ್ ಆಪ್ಶನ್ಸ್‌ನ ವ್ಯೂ ವಿಭಾಗದಲ್ಲಿ ಅಡಗಿದ ಕಡತಗಳನ್ನು ತೋರಿಸುವ ಆಯ್ಕೆ ಒತ್ತಿ, ಸಿಸ್ಟಂ ಕಡತಗಳನ್ನು ಮರೆಮಾಡುವ ಟಿಕ್ ಗುರುತು ತೆಗೆದೆವು. ಇಪ್ಪತ್ತೂ ಪಾಠಯೋಜನೆಗಳು ಕಂಡವು. ಅವನ್ನು ಬೇರೆಡೆ ನಕಲಿಸಿಕೊಂಡ ಮೇಲೆಯೇ ಫಾರ್ಮ್ಯಾಟ್.

"ಇನ್ಮುಂದೆ ಹೀಗಾಗದ ಹಾಗೆ ಯಾವ ಸಾಫ್ಟ್‌ವೇರ್ ಹಾಕ್ಲಿ ಮೇಡಂ?" ಎಂಬುದು ಅವರ ಮುಂದಿನ ಪ್ರಶ್ನೆ. ಅವರ ಲ್ಯಾಪ್‌ಟಾಪ್ ತೆರೆದು ನೋಡಿದರೆ ಕೊರತೆಯಿರಲಿಲ್ಲ, ಹೆಚ್ಚಾಗಿತ್ತು. ಎರಡು ಆಂಟಿವೈರಸ್, ಅದರಲ್ಲೊಂದು ಅವಧಿ ಮುಗಿದ ಟ್ರಯಲ್. ಒಂದು ರಿಜಿಸ್ಟ್ರಿ ಕ್ಲೀನರ್, ಒಂದು ಡ್ರೈವರ್ ಅಪ್‌ಡೇಟರ್, ವೇಗ ಹೆಚ್ಚಿಸುತ್ತೇನೆ ಎನ್ನುವ ಇನ್ನೊಂದು. 4 ಜಿಬಿ ರ‍್ಯಾಮ್‌ನ ಯಂತ್ರ ಇಷ್ಟನ್ನು ಹೊತ್ತು ಏದುಸಿರು ಬಿಡುತ್ತಿತ್ತು.

ಇಲ್ಲಿ ನಾವು ಕೇಳಿಕೊಳ್ಳಬೇಕಾದದ್ದು 'ಯಾವುದು ಒಳ್ಳೆಯದು' ಎಂದಲ್ಲ, 'ಈಗಿರುವುದರಿಂದ ಆಗದ ಕೆಲಸ ಯಾವುದು' ಎಂದು. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಪೂರ್ಣ ಪ್ರಮಾಣದ ಆಂಟಿವೈರಸ್. ಬೇರೊಂದು ಆಂಟಿವೈರಸ್ ಹಾಕಿದರೆ ಅದು ತಾನಾಗಿ ಹಿಂದೆ ಸರಿಯುತ್ತದೆ. ಆದ್ದರಿಂದ ಅವಧಿ ಮುಗಿದದ್ದನ್ನು ಹಾಗೆಯೇ ಇಟ್ಟುಕೊಂಡವರು, ಯಾರು ಕಾವಲಿದ್ದಾರೆ ಎಂಬುದನ್ನು ವಿಂಡೋಸ್ ಸೆಕ್ಯುರಿಟಿ ತೆರೆದು ಒಮ್ಮೆ ನೋಡಲೇಬೇಕು. ಬೇಡದ ತಾತ್ಕಾಲಿಕ ಕಡತಗಳನ್ನು ತೆಗೆಯಲು ವಿಂಡೋಸ್ 10ರಿಂದ ಸ್ಟೋರೇಜ್ ಸೆನ್ಸ್ ಇದೆ. ಡಿಸ್ಕ್ ಓರಣಗೊಳಿಸುವ ಕೆಲಸವನ್ನೂ ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಎಸ್‌ಎಸ್‌ಡಿ ಇದ್ದರೆ ಅದಕ್ಕೆ ತಕ್ಕ ರೀತಿಯಲ್ಲಿ.

ರಿಜಿಸ್ಟ್ರಿ ಕ್ಲೀನರ್ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ನನ್ನ ಮಟ್ಟಿಗಂತೂ ಅದು ಇಲ್ಲದ ರೋಗಕ್ಕೆ ಔಷಧ. ಇನ್ನೂ ಒಂದು ಮಾತು: ಇಂಥ ತಂತ್ರಾಂಶಗಳಿಗೆ ನಾವು ಯಂತ್ರದ ಪೂರ್ಣ ಅಧಿಕಾರ ಕೊಟ್ಟಿರುತ್ತೇವೆ. 2017ರಲ್ಲಿ ಹೆಸರುವಾಸಿಯಾದ ಸಿಕ್ಲೀನರ್‌ನ 5.33ನೇ ಆವೃತ್ತಿಯೊಳಗೇ ದುಷ್ಕರ್ಮಿಗಳು ತಮ್ಮ ಸಂಕೇತ ಸೇರಿಸಿದ್ದರು. ತಯಾರಕರ ಕಡೆಯಿಂದಲೇ ಅದು 20 ಲಕ್ಷಕ್ಕೂ ಹೆಚ್ಚು ಬಳಕೆದಾರರನ್ನು ತಲುಪಿತು. ಹಾಗಾಗಿ ಸೇರಿಸುವ ಪ್ರತಿಯೊಂದು ತಂತ್ರಾಂಶವೂ ಇನ್ನೊಂದು ಬಾಗಿಲು. ತಯಾರಕರು ಯಾರು, ಅವರ ಸ್ವಂತ ತಾಣದಿಂದಲೇ ಇಳಿಸುತ್ತಿದ್ದೇನೆಯೇ, 'ನಿಮ್ಮ ಯಂತ್ರದಲ್ಲಿ 1,243 ದೋಷಗಳಿವೆ' ಎಂದು ಹೆದರಿಸಿ ಹಣ ಕೇಳುತ್ತಿದೆಯೇ, ಬೇಡವಾದಾಗ ಪೂರ್ತಿ ತೆಗೆಯಬಹುದೇ ಎಂದು ನೋಡಿಕೊಳ್ಳಿ. ನುಡಿ ಬೇಕೆಂದು ಹುಡುಕಿ, ಸಿಕ್ಕ ತಾಣದ ಹಸಿರು ಗುಂಡಿ ಒತ್ತಿ, ಜೊತೆಗೆ ಮೂರು ಬೇಡದ ಟೂಲ್‌ಬಾರ್ ತಂದುಕೊಂಡವರು ನಮ್ಮ ಅಧ್ಯಾಪಕರ ಕೊಠಡಿಯಲ್ಲೂ ಇದ್ದಾರೆ. (ನಾನೂ ಒಬ್ಬಳು.)

ಯಾವ ಉಪಯುಕ್ತ ತಂತ್ರಾಂಶವೂ ತುಂಬಲಾರದ ಕೊರತೆಯೊಂದಿದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ಪ್ರಯೋಗಾಲಯದಲ್ಲಿ ಇವುಗಳಿದ್ದರೆ ಆಂಟಿವೈರಸ್ ಕೊಳ್ಳುವ ಮೊದಲು ಆ ಬಗ್ಗೆ ಯೋಚಿಸಿ. ಪ್ರಯೋಗಾಲಯ ನೋಡಿಕೊಳ್ಳುವವರಿಗೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಸಾಧನಗಳ ಪರಿಚಯ ಇರಲಿ. ಸಿ-ಡ್ಯಾಕ್ ರೂಪಿಸಿದ ಯುಎಸ್‌ಬಿ ಪ್ರತಿರೋಧ್ ಅವುಗಳಲ್ಲೊಂದು. ಸಿಕ್ಕಸಿಕ್ಕ ಪೆನ್‌ಡ್ರೈವ್ ಚುಚ್ಚುವುದಕ್ಕೆ ಅದು ಕಡಿವಾಣ ಹಾಕುತ್ತದೆ.

ಆ ಪ್ರಶಿಕ್ಷಣಾರ್ಥಿಯ ಯಂತ್ರದಲ್ಲಿ ನಿಜವಾಗಿ ಇಲ್ಲದಿದ್ದುದು ಬ್ಯಾಕಪ್. ಎಲ್ಲಕ್ಕೂ ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಸ್ಥಳದಲ್ಲಿ ಎಂಬುದು ಹಳೆಯ ಲೆಕ್ಕ. ಲ್ಯಾಪ್‌ಟಾಪ್, ಹೊರಗಿನ ಡಿಸ್ಕ್, ಗೂಗಲ್ ಡ್ರೈವ್‌ನ ಉಚಿತ 15 ಜಿಬಿ, ಇಷ್ಟು ಪಾಠಯೋಜನೆಗಳಿಗೆ ಧಾರಾಳ. ಪೆನ್‌ಡ್ರೈವ್ ಸಾಗಿಸುವ ಚೀಲ, ಕೂಡಿಡುವ ಕಪಾಟಲ್ಲ.

ಮೇಲ್ವಿಚಾರಕಳಾಗಿ ಒಂದು ಸಲಹೆ. ಈ ಘಟಕವನ್ನು ಪಾಠ ಮಾಡುವವರು ಆಂಟಿವೈರಸ್‌ಗಳ ಹೆಸರಿನ ಚಾರ್ಟ್ ತೂಗುಹಾಕಿ ಮುಗಿಸುತ್ತಾರೆ. ಅದರ ಬದಲು ಫೋಲ್ಡರ್ ಒಂದನ್ನು ನೀವೇ ಅಡಗಿಸಿ, "ಕಡತ ಎಲ್ಲಿ ಹೋಯಿತು?" ಎಂದು ಮಕ್ಕಳನ್ನು ಕೇಳಿ ನೋಡಿ. ತುಂಬಿದ ಜಾಗದ ಲೆಕ್ಕವನ್ನು ಅವರೇ ಗಮನಿಸಲಿ.

ಆ ರಾತ್ರಿ ನಾಲ್ಕು ತಂತ್ರಾಂಶ ತೆಗೆದೆವು, ಹೊಸದೇನೂ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಪ್ರಿಂಟ್ ತೆಗೆಸಲು ಹೋಗುವಾಗ ಅವರು ಖಾಲಿ ಪೆನ್‌ಡ್ರೈವ್‌ಗೆ ಬೇಕಾದ ಒಂದೇ ಕಡತ ಹಾಕಿಕೊಂಡು ಹೊರಟರು.